ದಿನಕ್ಕೆ 400 ಜನ ಮಾತ್ರ: ಮಾರ್ಸೇ ಬೆಟ್ಟದ ಕಾಲುದಾರಿಗಳಿಗೆ ಮಿತಿ ಯಾಕೆ ಬಂತು?

ಜೂನ್ ಶುರುವಾದರೆ ದಕ್ಷಿಣ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಬೆಟ್ಟಕ್ಕೆ ಹೋಗುವವರು ಹಿಂದಿನ ಸಂಜೆಯೇ ಒಂದು ನಕ್ಷೆ ನೋಡಿಕೊಳ್ಳಬೇಕು. ಜಿಲ್ಲಾಡಳಿತ ಅದನ್ನು ದಿನಾ ಸಂಜೆ ಹೊಸದಾಗಿ ಹಾಕುತ್ತದೆ. ಕಾಡ್ಗಿಚ್ಚಿನ ಅಪಾಯಕ್ಕೆ ತಕ್ಕಂತೆ ಒಂದೊಂದು ಬೆಟ್ಟಸಾಲಿಗೂ ಒಂದು ಬಣ್ಣ. ಕೆಂಪು ಬಿತ್ತೆಂದರೆ ಮರುದಿನ ಅಲ್ಲಿಗೆ ಹೋಗುವಂತಿಲ್ಲ. ಹೋಗಿ ಸಿಕ್ಕಿಬಿದ್ದರೆ 135 ಯೂರೋ ದಂಡ. ಕೆಂಪು ಇಲ್ಲದ ದಿನವೂ ಸುಜಿತೋನ್ ಎಂಬ ಕಡಲ ಕೊರಕಲಿಗೆ ಇಳಿಯಬೇಕಾದರೆ, ಜನ ಹೆಚ್ಚಿರುವ ಬೇಸಿಗೆಯ ದಿನಗಳಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ದಿನಕ್ಕೆ 400 ಜನಕ್ಕಷ್ಟೇ ಜಾಗ. ನೋಂದಣಿಗೆ ಒಂದು ಪೈಸೆಯೂ ಇಲ್ಲ. ಆದರೆ ನೋಂದಣಿ ಇಲ್ಲದೆ ಹೋದರೆ 68 ಯೂರೋ ದಂಡ.

ಬೆಟ್ಟದಲ್ಲಿ ನಡೆಯೋದಕ್ಕೂ ಅನುಮತಿ ಬೇಕಾ ಅಂತ ಯಾರಿಗಾದರೂ ಅನಿಸುತ್ತೆ, ಅಲ್ವಾ? ಕಾಲ್ನಡಿಗೆಗೆ ದುಡ್ಡು ಬೇಡ, ಸಲಕರಣೆ ಬೇಡ, ಯಾರ ಹಂಗೂ ಬೇಡ. ಅದಕ್ಕೇ ಅದು ಎಲ್ಲರದು. ಅಂಥದ್ದಕ್ಕೂ ಕಟ್ಟುಪಾಡು ಹಾಕಿದರೆ ಸಿಟ್ಟು ಬರುವುದು ನ್ಯಾಯವೇ. ಆದರೂ ಮಾರ್ಸೇಯವರು ಹಾಕಿರುವ ಈ ಮಿತಿ ಸರಿ ಎಂದೇ ನಾನು ನಂಬಿದ್ದೇನೆ. ಜನರನ್ನು ಎಣಿಸಿ ಒಳಗೆ ಬಿಡುವುದು, ದುಡ್ಡು ಎಣಿಸಿಕೊಂಡು ಒಳಗೆ ಬಿಡುವುದಕ್ಕಿಂತ ಎಷ್ಟೋ ಮೇಲು. ಮೆಡಿಟರೇನಿಯನ್ ಕಡಲ ದಂಡೆಯಲ್ಲಿ ಈಗ ಎರಡೂ ನಡೆಯುತ್ತಿವೆ. ಇವು ಯಾಕೆ ಬಂದವು, ಇದರಿಂದ ಯಾರಿಗೆ ದಾರಿ ಸಿಗುತ್ತದೆ, ಯಾರಿಗೆ ತಪ್ಪುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಬಸ್ ಇಳಿದರೆ ಬೆಟ್ಟ

ಮಾರ್ಸೇ ಫ್ರಾನ್ಸಿನ ಎರಡನೇ ದೊಡ್ಡ ನಗರ. ಎಂಟೂವರೆ ಲಕ್ಷಕ್ಕೂ ಜಾಸ್ತಿ ಜನ. ನಗರದ ದಕ್ಷಿಣದಲ್ಲಿ ಮನೆಗಳು ಮುಗಿದ ಕೂಡಲೇ ಬಿಳಿ ಸುಣ್ಣಕಲ್ಲಿನ ಬೆಟ್ಟಗಳು ಎದ್ದು ನಿಲ್ಲುತ್ತವೆ. ಅಲ್ಲಿಂದ ಕಾಸಿಸ್ ಎಂಬ ಪುಟ್ಟ ಬಂದರಿನವರೆಗೆ, ಕಡಲು ಬೆಟ್ಟದ ಒಳಕ್ಕೆ ಕಿರಿದಾಗಿ ನುಗ್ಗಿದ ಕೊರಕಲುಗಳು ಒಂದರ ಪಕ್ಕ ಒಂದು ಇವೆ. ಇವಕ್ಕೆ ಅಲ್ಲಿ ಕಲಾಂಕ್ ಅನ್ನುತ್ತಾರೆ. ಸೋರ್ಮಿಯೂ, ಮೋರ್ಜಿಯೂ, ಸುಜಿತೋನ್, ಆನ್-ವೋ, ಪೋರ್-ಮಿಯೂ ಎಲ್ಲ ಕಲಾಂಕ್‌ಗಳೇ. ಬಂಡೆಯ ಮೇಲೆ ಬಳಿದ ಬಿಳಿ-ಕೆಂಪು ಪಟ್ಟೆಯ ಗುರುತು ಹಿಡಿದು ನಡೆದರೆ ಮಾರ್ಸೇಯ ತುದಿಯಿಂದ ಕಾಸಿಸ್‌ವರೆಗೂ ಬೆಟ್ಟದ ಮೇಲೇ ಹೋಗಬಹುದು. ದಾರಿಯಲ್ಲಿ ಕುಡಿಯಲು ನೀರು ಸಿಗುವುದಿಲ್ಲ. ನೆರಳೂ ಕಡಿಮೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಬಿಳಿ ಕಲ್ಲಿನ ಝಳ.

2012ರ ಏಪ್ರಿಲ್‌ನಲ್ಲಿ ಈ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಅದರ ಒಳವಲಯ ನೆಲದ ಮೇಲೆ ಸುಮಾರು 8,500 ಹೆಕ್ಟೇರ್, ಕಡಲಿನಲ್ಲಿ 43,500 ಹೆಕ್ಟೇರ್. ವರ್ಷಕ್ಕೆ ಅಂದಾಜು 30 ಲಕ್ಷ ಭೇಟಿಗಳಾಗುತ್ತವೆ. ದೊಡ್ಡ ನಗರಕ್ಕೆ ಇಷ್ಟು ಅಂಟಿಕೊಂಡ ರಾಷ್ಟ್ರೀಯ ಉದ್ಯಾನ ಯುರೋಪಿನಲ್ಲಿ ಅಪರೂಪ. ಲುಮಿನಿ ಎಂಬಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಅಲ್ಲಿಯವರೆಗೆ ಸಿಟಿ ಬಸ್ ಬರುತ್ತದೆ. ಕೊನೆಯ ಸ್ಟಾಪಿನಲ್ಲಿ ಇಳಿದು ಮುಕ್ಕಾಲು ಗಂಟೆ, ಒಂದು ಗಂಟೆ ನಡೆದರೆ ಸುಜಿತೋನ್ ಬಂತು. ಕೈಯಲ್ಲಿ ಬಸ್ ಟಿಕೆಟಿನ ದುಡ್ಡಿದ್ದ ವಿದ್ಯಾರ್ಥಿಯೂ ಅಲ್ಲಿಗೆ ಹೋಗಿ ಈಜಿ ಬರಬಹುದಿತ್ತು. ಈ ಸುಲಭವೇ ಸುಜಿತೋನ್‌ಗೆ ಮುಳುವಾಯಿತು.

ಒಂದು ಪೈನ್ ಮರದ ಬುಡ

ಸುಜಿತೋನ್‌ನ ಇಳಿಜಾರಿನಲ್ಲಿ ಕಡಲಿಗೆ ಬಾಗಿ ನಿಂತ ಅಲೆಪ್ಪೊ ಪೈನ್ ಮರಗಳಿವೆ. ದೂರದಿಂದ ತೆಗೆದ ಫೋಟೋದಲ್ಲಿ ಹಸಿರು ಮರ, ನೀಲಿ ನೀರು, ಬಿಳಿ ಬಂಡೆ. ನೋಡಲು ಬಲು ಚಂದ. ಅದೇ ಮರದ ಬುಡಕ್ಕೆ ಹೋಗಿ ಬಗ್ಗಿ ನೋಡಿದರೆ ಬೇರೆಯೇ ಕಥೆ. ಬೇರುಗಳು ನೆಲ ಬಿಟ್ಟು ಮೇಲೆದ್ದಿವೆ. ಅವನ್ನು ಮುಚ್ಚಿದ್ದ ಮಣ್ಣು ಹೋಗಿಬಿಟ್ಟಿದೆ. ಜನ ಆ ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಇಳಿಯುತ್ತಾರೆ. ಪಕ್ಕದ ಸುಣ್ಣಕಲ್ಲು ಶೂ ಉಜ್ಜಿ ಉಜ್ಜಿ ನುಣುಪಾಗಿ ಹೊಳೆಯುತ್ತದೆ, ಕಾಲಿಟ್ಟರೆ ಜಾರುತ್ತದೆ. ಸುತ್ತಮುತ್ತ ಮರಿ ಪೈನ್‌ಗಳು ಕಾಣುವುದಿಲ್ಲ. ಇರುವ ಮರ ಸತ್ತರೆ ಆ ಜಾಗಕ್ಕೆ ಬರಲು ಇನ್ನೊಂದು ತಯಾರಿಲ್ಲ.

ಇದು ಹೇಗಾಗುತ್ತದೆ ಅಂದರೆ, ಸುಣ್ಣಕಲ್ಲಿನ ಬೆಟ್ಟದಲ್ಲಿ ಮೊದಲೇ ಮಣ್ಣು ಕಡಿಮೆ. ಕಲ್ಲಿನ ಬಿರುಕುಗಳಲ್ಲಿ, ಗುಂಡಿಗಳಲ್ಲಿ ತೆಳುವಾಗಿ ಕೂತಿರುತ್ತದೆ. ಅಷ್ಟು ಕೂರಲು ನೂರಾರು ವರ್ಷ ಬೇಕು. ಜನ ತುಳಿದಾಗ ಆ ಮಣ್ಣು ಗಟ್ಟಿಯಾಗುತ್ತದೆ. ಗಟ್ಟಿಯಾದ ಮಣ್ಣು ನೀರು ಕುಡಿಯುವುದಿಲ್ಲ. ಬೀಜ ಬಿದ್ದರೂ ಬೇರು ಇಳಿಯುವುದಿಲ್ಲ, ಇಳಿದರೂ ಮೊಳಕೆ ಯಾರದ್ದೋ ಕಾಲಿಗೆ ಸಿಗುತ್ತದೆ. ಗಿಡ ಇಲ್ಲದ ನೆಲದಲ್ಲಿ ಮಣ್ಣು ಹಿಡಿದಿಡಲು ಬೇರಿಲ್ಲ. ಆಮೇಲೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಆ ತೀರದಲ್ಲಿ ಬೀಳುವ ಮಳೆ ಜಿಟಿಜಿಟಿ ಮಳೆಯಲ್ಲ. ಕೆಲವೇ ಗಂಟೆಗಳಲ್ಲಿ ಸುರಿದು ಹೋಗುತ್ತದೆ, ಮಣ್ಣನ್ನೂ ಕಡಲಿಗೆ ಎಳೆದುಕೊಂಡು ಹೋಗುತ್ತದೆ.

ಒಬ್ಬರು ನಡೆದರೆ ಏನೂ ಆಗುವುದಿಲ್ಲ. ನೂರು ಜನ ನಡೆದರೂ ಬೆಟ್ಟ ತಾಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅತಿ ಹೆಚ್ಚು ಜನ ಬಂದ ದಿನಗಳಲ್ಲಿ ಆ ಒಂದೇ ಪುಟ್ಟ ಕೊರಕಲಿಗೆ 2,500 ಜನ ಇಳಿಯುತ್ತಿದ್ದರು. ಎಲ್ಲರಿಗೂ ಕೂರಲು ಕಲ್ಲಿನ ಮೇಲೆ ಜಾಗ ಇಲ್ಲ. ಹಾಗಾಗಿ ಮರದ ಕೆಳಗೆ, ಪೊದೆಯ ಹಿಂದೆ, ದಾರಿ ಬಿಟ್ಟು ಪಕ್ಕಕ್ಕೆ ಹರಡುತ್ತಿದ್ದರು. ಮುಂದೆ ಗುಂಪಿದ್ದರೆ ಹಿಂದಿನವರು ಅಡ್ಡದಾರಿ ಮಾಡಿಕೊಳ್ಳುತ್ತಿದ್ದರು. ಒಂದು ದಾರಿ ಐದಾಯಿತು. ಯಾರೂ ಬೇಕೆಂದು ಹಾಳು ಮಾಡಿದ್ದಲ್ಲ ಅನ್ನುವುದನ್ನು ಮರೆಯಬಾರದು.

2020ರ ಲಾಕ್‌ಡೌನ್ ಮುಗಿದ ಬೇಸಿಗೆಯಲ್ಲಿ ಎಲ್ಲ ಕಡೆಯಂತೆ ಅಲ್ಲೂ ಜನ ಹೊರಗೆ ನುಗ್ಗಿದರು. ಇನ್‌ಸ್ಟಾಗ್ರಾಂ ಫೋಟೋಗಳು ಮೊದಲೇ ಹೆಸರು ಹಬ್ಬಿಸಿದ್ದವು. 2021ರಲ್ಲಿ ಉದ್ಯಾನದವರು ಪ್ರವಾಸೋದ್ಯಮದಲ್ಲಿ ಸಾಮಾನ್ಯವಾಗಿ ಯಾರೂ ಮಾಡದ ಕೆಲಸ ಮಾಡಿದರು. ತಮ್ಮದೇ ಜಾಗದ ಬಗ್ಗೆ ಬರಬೇಡಿ ಎನ್ನುವಂಥ ಪ್ರಚಾರಕ್ಕೆ ಇಳಿದರು. ಕಿಕ್ಕಿರಿದ ಕಿನಾರೆಯ ಚಿತ್ರ ಹಾಕಿದರು. ದಾರಿ ಕಡಿದು, ಬಿಸಿಲು ಜೋರು, ಗಾಡಿ ನಿಲ್ಲಿಸಲು ಜಾಗ ಇಲ್ಲ ಅಂತ ಇದ್ದದ್ದು ಇದ್ದಹಾಗೆ ಹೇಳಿದರು. ಅದೊಂದೇ ಸಾಲದು ಅಂತ 2022ರ ಬೇಸಿಗೆಯಿಂದ 400ರ ಮಿತಿ ತಂದರು. ಹೆಸರು ಕೊಟ್ಟವರ ಫೋನಿಗೆ ಕ್ಯೂಆರ್ ಕೋಡ್ ಬರುತ್ತದೆ. ದಾರಿಯಲ್ಲಿ ಸಿಬ್ಬಂದಿ ಅದನ್ನು ನೋಡಿ ಬಿಡುತ್ತಾರೆ.

ಈ ಬೆಟ್ಟ ಯಾರದ್ದು?

ಮಾರ್ಸೇಯವರಿಗೆ ಕಲಾಂಕ್ ಅಂದರೆ ಬರೀ ಪ್ರವಾಸಿ ತಾಣವಲ್ಲ. ಅಲ್ಲಿ ಎಕ್ಸ್‌ಕರ್ಷನಿಸ್ಟ್ ಮಾರ್ಸೇಯೆ ಎಂಬ ಚಾರಣಿಗರ ಸಂಘ 1897ರಲ್ಲೇ ಹುಟ್ಟಿತು. ಭಾನುವಾರ ಬಂದರೆ ಗುಂಪು ಕಟ್ಟಿಕೊಂಡು ಬೆಟ್ಟ ಹತ್ತುವುದು, ದಾರಿ ಗುರುತಿಸುವುದು ಅವರ ರೂಢಿ. 1910ರಲ್ಲಿ ಪೋರ್-ಮಿಯೂ ಕಲ್ಲುಗಣಿ ಕಡಲ ದಂಡೆಯನ್ನು ತಿನ್ನುತ್ತಿದ್ದಾಗ ಊರಿನ ನಡಿಗೆಗಾರರೇ ಹೋಗಿ ಪ್ರತಿಭಟಿಸಿದರು. ಪರಿಸರ ಹೋರಾಟ ಎಂಬ ಮಾತೇ ಬಳಕೆಯಲ್ಲಿರದ ಕಾಲ ಅದು. ಮುಂದೆ ಆಲ್ಪ್ಸ್ ಹತ್ತಿ ಹೆಸರಾದ ಗಾಸ್ಟನ್ ರೆಬುಫಾ ಹುಟ್ಟಿದ್ದು ಮಾರ್ಸೇಯಲ್ಲಿ, ಬಂಡೆ ಹತ್ತಲು ಕಲಿತದ್ದು ಇದೇ ಕಲಾಂಕ್‌ಗಳಲ್ಲಿ.

ಅಂದರೆ ಈ ಬೆಟ್ಟ ಇವತ್ತು ಉಳಿದಿರುವುದರಲ್ಲಿ ನಡೆಯುವವರ ಪಾಲು ದೊಡ್ಡದು. ಈಗ ಅದೇ ನಡೆಯುವವರನ್ನು ತಡೆಯಬೇಕಾಗಿ ಬಂದಿರುವುದು ನಿಜಕ್ಕೂ ಬೇಸರದ ಸಂಗತಿ. ಸ್ಥಳೀಯರು "ಇದು ನಮ್ಮ ಬೆಟ್ಟ" ಅಂದರೆ ಅದರಲ್ಲಿ ಸುಳ್ಳೇನಿಲ್ಲ. ಬಡಾವಣೆಗಳಲ್ಲಿ ಸಣ್ಣ ಮನೆಯಲ್ಲಿ ಇರುವ ಕುಟುಂಬಕ್ಕೆ, ರಜೆಗೆ ಬೇರೆಲ್ಲೂ ಹೋಗಲಾಗದ ಮಕ್ಕಳಿಗೆ, ಬೇಸಿಗೆಯ ಕಡಲೆಂದರೆ ಇದೇ. ಮಿತಿ ಹಾಕುವಾಗ ಇವರನ್ನು ಮೊದಲು ನೆನೆಯಬೇಕು. ಹಾಗೆ ನೆನೆದರೆ, ಉಚಿತ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ. 400 ಜಾಗದಲ್ಲಿ ಶ್ರೀಮಂತರಿಗೊಂದು ಸಾಲು, ಇಲ್ಲದವರಿಗೊಂದು ಸಾಲು ಅಂತಿಲ್ಲ. ಇಟಲಿಯ ಕಡೆ ನೋಡಿದರೆ ಇದರ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅದಕ್ಕೂ ಮುಂಚೆ ಬೆಂಕಿಯ ವಿಷಯ ಹೇಳಬೇಕು. ನಕ್ಷೆಯ ಮೇಲಿನ ಕೆಂಪು ಬಣ್ಣ ಅದರದ್ದು.

ಮಳೆಯಿಲ್ಲದ ಬೇಸಿಗೆ, ಎಣ್ಣೆ ತುಂಬಿದ ಗಿಡ

ನಮಗೆ ಮಳೆ ಹಿಡಿಯುವ ಹೊತ್ತಿಗೆ ಮೆಡಿಟರೇನಿಯನ್ ತೀರದಲ್ಲಿ ಮಳೆ ನಿಲ್ಲುತ್ತದೆ. ಮಾರ್ಸೇಗೆ ಇಡೀ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದರ ಹಲವು ಪಟ್ಟು ಸುರಿಯುತ್ತದೆ. ಅಲ್ಲಿ ಜುಲೈ ಅಂದರೆ ವರ್ಷದ ಅತಿ ಒಣ ತಿಂಗಳು. ಬಿಸಿಲೂ ಆಗಲೇ ಜಾಸ್ತಿ.

ಅಂಥ ಜಾಗದಲ್ಲಿ ಬದುಕುವ ಗಿಡಗಳು ನೀರು ಉಳಿಸಲು ಎಲೆಯನ್ನು ಸಣ್ಣದು, ದಪ್ಪ ಮಾಡಿಕೊಂಡಿವೆ. ಹಲವು ಗಿಡಗಳಲ್ಲಿ ಪರಿಮಳದ ಎಣ್ಣೆ ತುಂಬಿದೆ. ರೋಸ್ಮರಿ, ಥೈಮ್, ಮುಳ್ಳೆಲೆಯ ಕುಳ್ಳ ಓಕ್ ಇವೆಲ್ಲ ಸೇರಿದ ಕುರುಚಲನ್ನು ಅಲ್ಲಿ ಗಾರಿಗ್ ಅನ್ನುತ್ತಾರೆ. ನಡೆಯುವಾಗ ಕಾಲಿಗೆ ತಾಗಿ ಘಮ್ಮೆನ್ನುವ ಅದೇ ಎಣ್ಣೆ ಬೆಂಕಿಗೆ ಆಹಾರ. ಅಲೆಪ್ಪೊ ಪೈನ್‌ನಲ್ಲಿ ರಾಳ. ಇದರ ಮೇಲೆ ಮಿಸ್ತ್ರಾಲ್ ಎಂಬ ಒಣ ಗಾಳಿ, ಉತ್ತರದ ಕಣಿವೆಯಿಂದ ದಿನಗಟ್ಟಲೆ ಬೀಸುತ್ತದೆ. ಮಿಸ್ತ್ರಾಲ್ ಎದ್ದ ದಿನ ಬೆಂಕಿ ಬಿದ್ದರೆ ಆರಿಸುವವರ ಕೈ ಮೀರಿ ಓಡುತ್ತದೆ.

ಈ ಗಿಡಗಳಿಗೆ ಬೆಂಕಿ ಹೊಸದಲ್ಲ. ಅಲೆಪ್ಪೊ ಪೈನ್ ತನ್ನ ಕೆಲವು ಕಾಯಿಗಳನ್ನು ರಾಳದಿಂದ ಬಿಗಿದು ವರ್ಷಗಟ್ಟಲೆ ಮರದಲ್ಲೇ ಇಟ್ಟುಕೊಂಡಿರುತ್ತದೆ. ಬೆಂಕಿಯ ಕಾವಿಗೆ ಕಾಯಿ ಬಿರಿದು ಬೀಜ ಉದುರುತ್ತದೆ, ಬೂದಿಯ ಮೇಲೆ ಮೊಳೆಯುತ್ತದೆ. ಕುಳ್ಳ ಓಕ್ ಸುಟ್ಟರೂ ಬುಡದಿಂದ ಮತ್ತೆ ಚಿಗುರುತ್ತದೆ. ಆದರೆ ಪೈನ್ ಮರಿ ದೊಡ್ಡದಾಗಿ ಸಾಕಷ್ಟು ಬೀಜ ಕಟ್ಟಲು ಹದಿನೈದು, ಇಪ್ಪತ್ತು ವರ್ಷ ಬೇಕು. ಅಷ್ಟರೊಳಗೆ ಮತ್ತೆ ಬೆಂಕಿ ಬಿದ್ದರೆ ಬೀಜವಿಲ್ಲದೆ ಪೈನ್ ಹೋಗುತ್ತದೆ, ಕುರುಚಲಷ್ಟೇ ಉಳಿಯುತ್ತದೆ. ಎರಡು ಬೆಂಕಿಗಳ ನಡುವೆ ಎಷ್ಟು ವರ್ಷ ಸಿಗುತ್ತದೆ ಅನ್ನುವುದರ ಮೇಲೇ ಆ ಕಾಡಿನ ಬದುಕು ನಿಂತಿದೆ.

ಫ್ರಾನ್ಸಿನಲ್ಲಿ ಹತ್ತರಲ್ಲಿ ಒಂಬತ್ತು ಕಾಡ್ಗಿಚ್ಚು ಮನುಷ್ಯರಿಂದಲೇ ಶುರುವಾಗುತ್ತವೆ ಎಂದು ಅಲ್ಲಿನ ಸರ್ಕಾರವೇ ಹೇಳುತ್ತದೆ. ಸಿಗರೇಟಿನ ತುಂಡು, ಮಾಂಸ ಸುಡುವ ಒಲೆ, ಯಂತ್ರದ ಕಿಡಿ, ರಸ್ತೆ ಬದಿಯ ಗಾಡಿ. 2025ರ ಜುಲೈ 8ರಂದು ಮಾರ್ಸೇಯ ಉತ್ತರದಲ್ಲಿ ಒಂದು ಕಾರಿಗೆ ಹತ್ತಿದ ಬೆಂಕಿ ಗಾಳಿಗೆ ಹಬ್ಬಿ ನಗರದ ಬಡಾವಣೆಯೊಳಗೇ ಬಂತು. ವಿಮಾನ ನಿಲ್ದಾಣ ಮುಚ್ಚಬೇಕಾಯಿತು. ಸುಮಾರು 750 ಹೆಕ್ಟೇರ್ ಸುಟ್ಟಿತು. ಒಂದು ತಿಂಗಳು ಕಳೆಯುವುದರೊಳಗೆ, ಆಗಸ್ಟ್ ಮೊದಲ ವಾರ, ಪಶ್ಚಿಮಕ್ಕಿರುವ ಓಡ್ ಜಿಲ್ಲೆಯ ಕೋರ್ಬಿಯೇರ್ ಬೆಟ್ಟಗಳಲ್ಲಿ 16,000 ಹೆಕ್ಟೇರ್ ಭಸ್ಮವಾಯಿತು. ಫ್ರಾನ್ಸಿನ ಮೆಡಿಟರೇನಿಯನ್ ಭಾಗದಲ್ಲಿ ದಶಕಗಳಿಂದ ಅಷ್ಟು ದೊಡ್ಡ ಬೆಂಕಿ ಬಿದ್ದಿರಲಿಲ್ಲ.

ಇದನ್ನು ನೋಡಿದ ಮೇಲೂ ಕೆಂಪು ದಿನಗಳಲ್ಲಿ ದಾರಿ ಮುಚ್ಚುವುದು ಅತಿಯಾಯಿತು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಚಾರಣಿಗರು ಬೆಂಕಿ ಹಚ್ಚುತ್ತಾರೆ ಅಂತಲ್ಲ. ಕಲಾಂಕ್ ಒಳಗೆ ಸಿಕ್ಕಿಕೊಂಡವರಿಗೆ ಹಿಂದೆ ಬೆಂಕಿ, ಮುಂದೆ ಕಡಲು. ವಾಪಸ್ ಬರಲು ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ದಾರಿ. ಆ ಹೊತ್ತಿಗೆ ಅಲ್ಲಿ ಸಾವಿರಾರು ಜನ ಇದ್ದರೆ ಅಗ್ನಿಶಾಮಕ ದಳ ಬೆಂಕಿ ಆರಿಸಬೇಕೋ, ಜನರನ್ನು ದೋಣಿಗೆ ಹತ್ತಿಸಬೇಕೋ?

ಆಡು ಹೋದ ಮೇಲೆ

ಕಾಡು ಸುಡುವುದಕ್ಕೆ ಬಿಸಿಲು, ಗಾಳಿ ಮಾತ್ರ ಕಾರಣವಲ್ಲ. ಇದು ಚರ್ಚೆಯಲ್ಲಿ ಹಿಂದೆ ಉಳಿದುಬಿಡುತ್ತದೆ. ನೂರೈವತ್ತು ವರ್ಷದ ಹಿಂದೆ ಈ ತೀರದ ಬೆಟ್ಟಗಳು ಇಷ್ಟು ಹಸಿರಾಗಿರಲಿಲ್ಲ. ಮೆಟ್ಟಿಲು ಹೊಲಗಳಲ್ಲಿ ಆಲಿವ್, ದ್ರಾಕ್ಷಿ. ಮೇಲೆ ಆಡು, ಕುರಿ. ಸೌದೆಗೆ, ಇದ್ದಿಲಿಗೆ ಮರ ಕಡಿತ. ಜನ ಊರು ಬಿಟ್ಟು ನಗರ ಸೇರಿದ ಮೇಲೆ ಹೊಲ ಪಾಳು ಬಿತ್ತು. ಅಲ್ಲಿ ಪೈನ್ ಬಂತು, ಕುರುಚಲು ಬಂತು. ಫ್ರಾನ್ಸಿನ ಕಾಡಿನ ವಿಸ್ತಾರ 19ನೇ ಶತಮಾನದ ಮಧ್ಯಭಾಗಕ್ಕೆ ಹೋಲಿಸಿದರೆ ಈಗ ಹತ್ತಿರಹತ್ತಿರ ಎರಡು ಪಟ್ಟು. ಕೇಳಲು ಒಳ್ಳೆಯ ಸುದ್ದಿ. ಆದರೆ ಒಣ ತೀರದಲ್ಲಿ ನಡುವೆ ಬಯಲೇ ಇಲ್ಲದ ಕುರುಚಲು ಅಂದರೆ ಬೆಂಕಿಗೆ ಅಡೆತಡೆಯಿಲ್ಲದ ದಾರಿ.

ಮಾರ್ಸೇಯ ಪಕ್ಕದಲ್ಲೇ ರೋವ್ ಎಂಬ ಹಳ್ಳಿಯಿದೆ. ಅದರ ಹೆಸರಿನ ಆಡಿನ ತಳಿಯೊಂದಿದೆ. ಉದ್ದನೆ, ತಿರುಚಿದ ಕೊಂಬು. ಹಾಲು ಕಡಿಮೆ, ಆ ಹಾಲಿನಿಂದ ಮಾಡುವ ಬ್ರೂಸ್ ಎಂಬ ಮೆತ್ತನೆ ಚೀಸಿಗೆ ಮಾತ್ರ ದೊಡ್ಡ ಹೆಸರು. ಕುಳ್ಳ ಓಕ್‌ನ ಮುಳ್ಳೆಲೆಯನ್ನೂ ತಿಂದು ಅರಗಿಸಿಕೊಳ್ಳುವ ಗಟ್ಟಿ ಪ್ರಾಣಿ ಇದು. ಒಂದು ಕಾಲದಲ್ಲಿ ಅಳಿವಿನ ಅಂಚಿಗೆ ಹೋಗಿತ್ತು. ಈಗ ಬೆಂಕಿ ಹಬ್ಬದಂತೆ ಬೋಳು ಮಾಡಿಟ್ಟ ನೆಲದ ಪಟ್ಟಿಗಳಲ್ಲಿ ಕುರುಚಲು ಬೆಳೆಯದಂತೆ ಮೇಯಿಸಲು ಇಂಥ ಮಂದೆಗಳನ್ನು ಬಳಸುತ್ತಾರೆ. ಯಂತ್ರದಲ್ಲಿ ಸವರಿದರೆ ಎರಡು ಮೂರು ವರ್ಷಕ್ಕೆ ಮತ್ತೆ ಬೆಳೆಯುತ್ತದೆ, ಆಡು ವರ್ಷವರ್ಷವೂ ಬಂದು ಮೇಯುತ್ತದೆ. ದಾರಿಗೆ ಬೀಗ ಹಾಕುವುದು ಒಂದು ಬೇಸಿಗೆಯ ಉಪಾಯ. ಬೆಟ್ಟದಲ್ಲಿ ಮತ್ತೆ ದನಕರು, ಕೃಷಿ ಕಾಣುವಂತೆ ಮಾಡುವುದು ಹತ್ತಾರು ವರ್ಷದ ಕೆಲಸ. ಮೊದಲನೆಯದಕ್ಕೆ ಸಿಗುವ ಗಮನದ ಕಾಲುಭಾಗವೂ ಎರಡನೆಯದಕ್ಕೆ ಸಿಗುತ್ತಿಲ್ಲ ಅನ್ನುವುದು ನನ್ನ ಕೊರಗು.

ಇಟಲಿಯ ಟಿಕೆಟ್

ಇದೇ ತೀರ ಹಿಡಿದು ಪೂರ್ವಕ್ಕೆ ಹೋದರೆ ಇಟಲಿಯ ಚಿಂಕ್ವೆ ತೆರೆ. ಕಡಲಿನ ಮೇಲೆ ತೂಗುವಂತಿರುವ ಐದು ಹಳ್ಳಿಗಳು. ಎಲ್ಲ ಸೇರಿ ಸುಮಾರು 4,000 ಜನ. 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಬೆಟ್ಟವನ್ನು ಹಿಡಿದು ನಿಲ್ಲಿಸಿರುವುದು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು. ಆ ಗೋಡೆಗಳ ನಡುವಿನ ಮೆಟ್ಟಿಲು ಹೊಲಗಳಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದವರು ವರ್ಷವೂ ಬಿದ್ದ ಕಲ್ಲು ಎತ್ತಿಡುತ್ತಿದ್ದರು. ದ್ರಾಕ್ಷಿ ಬಿಟ್ಟು ಜನ ಪ್ರವಾಸಿಗರಿಗೆ ರೂಮು ಕೊಡಲು ಶುರು ಮಾಡಿದ ಮೇಲೆ ಗೋಡೆ ನೋಡುವವರು ಕಡಿಮೆಯಾದರು. ಗೋಡೆ ಕುಸಿದರೆ ಬೆಟ್ಟ ಕುಸಿಯುತ್ತದೆ, ದಾರಿಯೂ ಅದರೊಂದಿಗೆ. 2011ರ ಅಕ್ಟೋಬರಿನಲ್ಲಿ ಸುರಿದ ಮಳೆಗೆ ವೆರ್ನಾತ್ಸ, ಮೊಂತೆರೊಸ್ಸೊ ಹಳ್ಳಿಗಳ ಬೀದಿಗಳು ಕೆಸರಿನಲ್ಲಿ ಹೂತುಹೋದವು.

ಆ ಐದು ಹಳ್ಳಿಗಳಲ್ಲಿ ರಿಯೊಮಜ್ಜೋರೆಯಿಂದ ಮನರೋಲಾಗೆ ಬಂಡೆ ಕೊರೆದು ಮಾಡಿದ ಒಂದು ಕಾಲುದಾರಿಯಿದೆ, ವಿಯಾ ದೆಲ್ಲಮೋರೆ ಅಂತ. ಉದ್ದ ಒಂದು ಕಿಲೋಮೀಟರೂ ಇಲ್ಲ. 2012ರ ಸೆಪ್ಟೆಂಬರಿನಲ್ಲಿ ಮೇಲಿನಿಂದ ಕಲ್ಲು ಬಿದ್ದು ನಡೆಯುತ್ತಿದ್ದ ಪ್ರವಾಸಿಗರಿಗೆ ಗಾಯವಾಯಿತು. ದಾರಿ ಮುಚ್ಚಿತು. ಬಂಡೆಗೆ ಬಲೆ ಹೊದಿಸಿ, ಗಟ್ಟಿಮಾಡಿ, ಮತ್ತೆ ಪೂರ್ತಿ ತೆರೆದದ್ದು 2024ರ ಬೇಸಿಗೆಯಲ್ಲಿ. ಎರಡು ಕೋಟಿ ಯೂರೋಗೂ ಮಿಕ್ಕಿ ಖರ್ಚಾಯಿತು. ಈಗ ಅಲ್ಲಿ ನಡೆಯಲು ಮೊದಲೇ ಸಮಯ ಕಾಯ್ದಿರಿಸಬೇಕು, ಒಂದೇ ದಿಕ್ಕಿನಲ್ಲಿ ಹೋಗಬೇಕು. ತೆರೆದಾಗ ಇಟ್ಟ ಟಿಕೆಟ್ ದರ 10 ಯೂರೋ. ಹಳ್ಳಿಯವರಿಗೆ ಉಚಿತ.

ಟಿಕೆಟ್ ಪರ ವಾದ ಇಲ್ಲವೆಂದಲ್ಲ. ಬಂಡೆ ಕಾಯುವುದಕ್ಕೆ ದುಡ್ಡು ಬೇಕು, ನಾಲ್ಕು ಸಾವಿರ ಜನರ ತೆರಿಗೆಯಿಂದ ಅದು ಆಗದು. ಆದರೂ ಒಂದು ಕಿಲೋಮೀಟರ್ ನಡೆಯಲು ನಾಲ್ವರು ದೊಡ್ಡವರು 40 ಯೂರೋ ಕೊಡಬೇಕು ಅಂದರೆ ನಡಿಗೆ ದುಡ್ಡಿದ್ದವರದ್ದಾಗುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ದಾರಿಯ ಖರ್ಚು ಟಿಕೆಟಿನಿಂದಲೇ ಬರಬೇಕು ಅಂತಾದರೆ, ಜನ ಕಡಿಮೆಯಾದರೆ ಸಾಕು ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಸುಜಿತೋನ್‌ನಲ್ಲಿ 400 ಅಂದರೆ 400. ಅದನ್ನು 800 ಮಾಡಿದರೆ ಯಾರ ಜೇಬಿಗೂ ಏನೂ ಬರುವುದಿಲ್ಲ. ಹಾಗಾಗಿ ಸಂಖ್ಯೆಯನ್ನು ಮರದ ಬುಡ ನೋಡಿಯೇ ತೀರ್ಮಾನಿಸಬಹುದು.

ಉಚಿತ ಮಿತಿಗೂ ದುಡ್ಡು ಬೇಕು, ನಿಜ. ಸಿಬ್ಬಂದಿಯ ಸಂಬಳ, ದಾರಿಯ ದುರಸ್ತಿ ಎಲ್ಲ ಸರ್ಕಾರದ ಬೊಕ್ಕಸದಿಂದ ಬರಬೇಕು. ಬೆಟ್ಟ ಎಲ್ಲರದು ಅನ್ನುವುದಾದರೆ ಅದರ ಖರ್ಚೂ ಎಲ್ಲರದೇ ಆಗಬೇಕಲ್ಲವೇ?

ಇಲ್ಲಿ ತಡೆದರೆ ಅಲ್ಲಿ

ಮಿತಿಗೆ ಒಂದು ದೊಡ್ಡ ತೊಡಕಿದೆ. ಸುಜಿತೋನ್‌ನಲ್ಲಿ ಜಾಗ ಸಿಗದವರು ಮನೆಗೆ ಹೋಗುವುದಿಲ್ಲ, ಪಕ್ಕದ ಕಲಾಂಕ್‌ಗೆ ಹೋಗುತ್ತಾರೆ. ಒಂದು ಕಡೆಯ ಭಾರ ಇನ್ನೊಂದು ಕಡೆಗೆ ಹೋಗುತ್ತದೆ. ದ್ವೀಪದಲ್ಲಾದರೆ ಸುಲಭ. ಅದೇ ತೀರದ ಪೋರ್ಕ್ವೆರೋಲ್ ದ್ವೀಪದಲ್ಲಿ 2021ರಿಂದ ಬೇಸಿಗೆಯಲ್ಲಿ ದಿನಕ್ಕೆ 6,000 ಜನರ ಮಿತಿಯಿದೆ. ದೋಣಿಯಲ್ಲಿ ಜಾಗ ತುಂಬಿದರೆ ಮುಗಿಯಿತು. ನಗರಕ್ಕೆ ಅಂಟಿದ ಬೆಟ್ಟಕ್ಕೆ ಹತ್ತಾರು ಬಾಗಿಲು.

ನಮ್ಮಲ್ಲೂ ಇದೇ ಪ್ರಶ್ನೆ ಎದ್ದಿದೆ. 2024ರ ಜನವರಿ ಕೊನೆಯ ರಜೆಗೆ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅರಣ್ಯ ವಿಹಾರ ಎಂಬ ಜಾಲತಾಣ ತಂದು ದಿನದ ಮಿತಿಯೊಂದಿಗೆ ಮತ್ತೆ ಬಿಟ್ಟಿತು. ಘಟ್ಟದ ಹುಲ್ಲುಗಾವಲಿನ ಮಣ್ಣೂ ತುಳಿತಕ್ಕೆ ಕೊಚ್ಚಿ ಹೋಗುತ್ತದೆ, ಬೇಸಿಗೆಯಲ್ಲಿ ಅಲ್ಲೂ ಬೆಂಕಿಯ ಭಯ. ಮಾರ್ಸೇಯಿಂದ ನಾವು ನೋಡಿ ಕಲಿಯಬಹುದಾದ್ದು, ಮಿತಿ ಹಾಕುವಾಗ ಕಾರಣವನ್ನು ಜನರ ಮುಂದಿಟ್ಟ ರೀತಿ. ಯಾವ ಮರ, ಯಾವ ಮಣ್ಣು, ಎಷ್ಟು ಜನ ಬರುತ್ತಿದ್ದರು, ಎಷ್ಟಕ್ಕೆ ಇಳಿಸುತ್ತೇವೆ ಅನ್ನುವುದನ್ನು ಅಲ್ಲಿ ಬಿಚ್ಚಿ ಹೇಳಿದರು. ಸುಮ್ನೆ ಫಲಕ ನೆಟ್ಟು ಪ್ರವೇಶ ನಿಷೇಧ ಅಂದರೆ ಜನ ಒಪ್ಪುವುದಿಲ್ಲ, ಕಳ್ಳದಾರಿ ಹುಡುಕುತ್ತಾರೆ.

ಮಾರ್ಸೇಯ ಪದ್ಧತಿಯಲ್ಲಿ ತಿದ್ದಬೇಕಾದದ್ದೂ ಇದೆ. ನೋಂದಣಿ ಫೋನಿನಲ್ಲಿ. ಮೊದಲು ಒತ್ತಿದವರಿಗೆ ಜಾಗ. ಬೆಳಿಗ್ಗೆ ಎದ್ದು ಆಕಾಶ ನೋಡಿ ಹೊರಡುವ ಮುದುಕರಿಗೆ, ಫೋನಿನ ಗೋಜು ಗೊತ್ತಿಲ್ಲದವರಿಗೆ, ವಾರದ ರಜೆ ಯಾವತ್ತು ಸಿಗುತ್ತದೋ ಗೊತ್ತಿಲ್ಲದ ಕೂಲಿಯವರಿಗೆ ಇದು ಕಷ್ಟ. ಆ 400ರಲ್ಲಿ ಒಂದು ಪಾಲನ್ನು ಫೋನಿಲ್ಲದೆ ಬಂದವರಿಗೆ ದಾರಿಯ ಬಾಯಲ್ಲೇ ಕೊಡಬಹುದು. ಇನ್ನೊಂದು ಪಾಲನ್ನು ನಗರದ ಶಾಲೆಗಳಿಗೆ, ನಡಿಗೆ ಸಂಘಗಳಿಗೆ ಇಡಬಹುದು. ಇದರಿಂದ ಮಣ್ಣಿಗೆ ಏನೂ ನಷ್ಟವಿಲ್ಲ. ಜೊತೆಗೆ ಬೆಂಕಿಯ ಕಾಲ ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಅಂತ ಇಟ್ಟುಕೊಂಡಿರುವ ಲೆಕ್ಕವನ್ನೂ ಮತ್ತೆ ನೋಡಬೇಕಾಗುತ್ತದೆ. ಬಿಸಿ ಹೆಚ್ಚಿದಂತೆ ಒಣಗುವ ದಿನಗಳು ಎರಡೂ ಕಡೆಗೆ ಚಾಚುತ್ತಿವೆ. ಅಲ್ಲಿ ನಡೆಯಲು ಒಳ್ಳೆಯ ಕಾಲ ಅಕ್ಟೋಬರಿನಿಂದ ಮೇ. ಆ ದಿನಗಳಿಗೂ ಕೆಂಪು ನಕ್ಷೆ ಬಂದರೆ ಬೇಸಿಗೆಗೆ ಹಾಕಿದ ಮಿತಿಯೊಂದೇ ಸಾಕಾಗುವುದಿಲ್ಲ. ಆಗ ರೋವ್ ಆಡುಗಳ ಮಂದೆ ಎಷ್ಟು ಬೆಟ್ಟಗಳಿಗೆ ವಾಪಸ್ ಬಂದಿದೆ ಅನ್ನುವುದೇ, ಯಾವ ದಾರಿ ತೆರೆದಿರುತ್ತದೆ ಅನ್ನುವುದನ್ನು ತೀರ್ಮಾನಿಸಬಹುದು.